ಮೀನಿನ ಟ್ಯಾಂಕಿಗೆ ಮ್ಯಾಕ್ರೋ ಲೆನ್ಸ್: 35, 60, 100ರಲ್ಲಿ ಯಾವುದು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ 2 ಅಡಿ ಟ್ಯಾಂಕ್ ಇದೆ, ಕೈಯಲ್ಲಿ ಕೆನಾನ್‌ನ ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮ್ ಅಳತೆಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾ ಇದೆ ಅಂದರೆ ಹಳೆಯ ಇಎಫ್-ಎಸ್ 60 ಎಂಎಂ ಎಫ್ 2.8 ಮ್ಯಾಕ್ರೋ, ಅಂದರೆ ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್ ಹುಡುಕಿ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ಉಳಿದ ದುಡ್ಡನ್ನು ಒಂದು ಫ್ಲ್ಯಾಶಿಗೆ ಹಾಕಿ. ಎಲ್ಲರೂ ಹೊಗಳುವ 100 ಎಂಎಂ ಎಲ್ (ಕೆನಾನ್‌ನ ದುಬಾರಿ ಸರಣಿ) ಲೆನ್ಸ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಅಡಿ ಅಗಲದ ಟ್ಯಾಂಕಿನ ಮುಂದೆ ಅದರ ಅರ್ಧ ಶಕ್ತಿ ಸುಮ್ನೆ ದಂಡ.

ನಾನು ಮೂರು ಲೆನ್ಸ್ ಹಾಕಿ ನೋಡಿದ್ದೇನೆ. ಇಎಫ್-ಎಸ್ 35 ಎಂಎಂ ಎಫ್ 2.8, ಇಎಫ್-ಎಸ್ 60 ಎಂಎಂ, ಇಎಫ್ 100 ಎಂಎಂ ಎಲ್. ಕ್ಯಾಮೆರಾ ಕೆನಾನ್ 200ಡಿ. ಒಂದು ಟ್ಯಾಂಕ್ ನಮ್ಮನೆಯದು, ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿ: ಗುಪ್ಪಿ, ನಿಯಾನ್ ಟೆಟ್ರಾ, ಚೆರ್ರಿ ಶ್ರಿಂಪ್. ಪಕ್ಕದ ಸಣ್ಣ ಗಾಜಿನಲ್ಲಿ ಒಂಟಿ ಫೈಟರ್ ಮೀನು. ಇನ್ನೊಂದು ವಿದ್ಯಾನಗರದ ಗೆಳೆಯನ 4 ಅಡಿ ಟ್ಯಾಂಕ್, ಅದರಲ್ಲಿ ಏಂಜೆಲ್‌ಗಳು ಮತ್ತು ನಮ್ಮ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್‌ಗಳು. ಅಂಗಡಿಯವರು ಅದನ್ನು ಮಿಸ್ ಕೇರಳ ಅಂತ ಮಾರುತ್ತಾರೆ. ಕೆಂಪು ಪಟ್ಟೆಯ ಆ ಮೀನು ಒಂದು ಕ್ಷಣ ನಿಲ್ಲುವುದಿಲ್ಲ, ಲೆನ್ಸ್ ಪರೀಕ್ಷೆಗೆ ಅದಕ್ಕಿಂತ ಕಠಿಣ ಮೇಷ್ಟ್ರು ಸಿಗಲಿಕ್ಕಿಲ್ಲ.

ಲೆನ್ಸ್ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ಅದನ್ನು ಅಂಗಡಿಯವರು ಹೇಳಿಕೊಡುವುದಿಲ್ಲ, ಹೇಳಿದರೆ ಅವರ ವ್ಯಾಪಾರ ಕಮ್ಮಿಯಾಗುತ್ತೆ.

1:1 ಮ್ಯಾಕ್ರೋ ಅಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರಿನ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವುದು. ಕೆನಾನ್ ಕ್ರಾಪ್ ಸೆನ್ಸರ್ ಅಗಲ 22.3 ಮಿ.ಮೀ. ಹಾಗಾದರೆ 1:1ರಲ್ಲಿ ನಿಮ್ಮ ಚಿತ್ರದಲ್ಲಿ ಹಿಡಿಸುವುದು ಎರಡು ಸೆಂಟಿಮೀಟರ್ ಚಿಲ್ಲರೆ ಜಾಗ ಮಾತ್ರ. 3 ಸೆಂ.ಮೀ. ಉದ್ದದ ಗುಪ್ಪಿಯ ಬಾಲ ಆಚೆ ಹೋಯಿತು! ಗುಪ್ಪಿ ಪೂರ್ತಿ ಬೇಕು, ಅಕ್ಕಪಕ್ಕ ಸ್ವಲ್ಪ ಜಾಗವೂ ಬೇಕು ಅಂದರೆ ಅರ್ಧ ಗಾತ್ರಕ್ಕಿಂತ ಒಂಚೂರು ಜಾಸ್ತಿ, ಅಂದರೆ 0.55ರಷ್ಟು ಸಾಕು. ರೆಕ್ಕೆ ಬಿಚ್ಚಿ ನಿಂತ ಫೈಟರ್‌ಗೆ 0.3 ಕೂಡ ಬೇಕಿಲ್ಲ. ದೊಡ್ಡ ಏಂಜೆಲ್ ಅಥವಾ ಗೋಲ್ಡ್ ಫಿಶ್‌ಗೆ 0.2 ಆದರೆ ಆಯಿತು.

200ಡಿ ಜೊತೆ ಬರುವ 18-55 ಕಿಟ್ ಲೆನ್ಸ್ ಇದೆಯಲ್ಲ, ಎಲ್ಲರೂ ಮೂಗು ಮುರಿಯುವ ಆ ಬಡಪಾಯಿ, ಅದು 55ರಲ್ಲಿ 0.25 ಕೊಡುತ್ತದೆ. 50 ಎಂಎಂ ಎಫ್ 1.8 ಎಸ್‌ಟಿಎಂ 0.21 ಕೊಡುತ್ತದೆ. ಹಾಗಾಗಿ ನಿಮ್ಮ ಟ್ಯಾಂಕಿನಲ್ಲಿ ಇರುವುದು ಏಂಜೆಲ್, ಗೋಲ್ಡ್ ಫಿಶ್, ಫ್ಲವರ್‌ಹಾರ್ನ್ ಅಷ್ಟೇ ಆದರೆ ಮ್ಯಾಕ್ರೋ ಲೆನ್ಸ್ ಬೇಡ. ನಿಜವಾಗ್ಲೂ ಬೇಡ. ಫ್ಲ್ಯಾಶ್ ತಗೊಳ್ಳಿ, ಗಾಜು ಒರೆಸಿ, ಕಿಟ್ ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್ 8ಕ್ಕೆ ಇಟ್ಟು ತೆಗೆಯಿರಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಟೆಟ್ರಾ, ಗುಪ್ಪಿ, ಶ್ರಿಂಪ್, ಮರಿಗಳು, ಇಲ್ಲವೇ ದೊಡ್ಡ ಮೀನಿನ ಕಣ್ಣು ಮತ್ತು ಹುರುಪೆ ಮಾತ್ರ ಬೇಕು ಅನ್ನುವವರು ಮುಂದೆ ಓದಿ.

ಟ್ಯಾಂಕಿನ ಫೋಟೋಗೂ ಹೂವಿನ ಫೋಟೋಗೂ ಇರುವ ದೊಡ್ಡ ವ್ಯತ್ಯಾಸ ದೂರದ್ದು. ಹೂವಿಗೆ ನೀವು ಎಷ್ಟು ಬೇಕಾದರೂ ಹತ್ತಿರ ಹೋಗಬಹುದು, ಮೀನಿಗೆ ಹೋಗುವಾಗ ಗಾಜು ಅಡ್ಡ ನಿಲ್ಲುತ್ತದೆ. ಲೆನ್ಸಿನ ಮೂತಿ ಗಾಜಿಗೆ ತಾಗಿದ ಮೇಲೆ ಅಲ್ಲಿಂದ ಒಳಗೆ ಎಷ್ಟು ದೂರದಲ್ಲಿ ಫೋಕಸ್ ಬೀಳುತ್ತದೆ ಅನ್ನುವುದೇ ಎಲ್ಲ ನಿರ್ಧರಿಸುವುದು. ಡಬ್ಬದ ಮೇಲೆ ಬರೆದಿರುವ ಕನಿಷ್ಠ ಫೋಕಸ್ ದೂರ ನೋಡಿ ಲೆಕ್ಕ ಹಾಕಬೇಡಿ. ಅದನ್ನು ಸೆನ್ಸರಿನಿಂದ ಅಳೆದಿರುತ್ತಾರೆ, ಲೆನ್ಸಿನ ತುದಿಯಿಂದಲ್ಲ. 60 ಎಂಎಂಗೆ 20 ಸೆಂ.ಮೀ. ಅಂತ ಇರುತ್ತೆ. ಅದರಲ್ಲಿ ಕ್ಯಾಮೆರಾ ಬಾಡಿ ಮತ್ತು ಲೆನ್ಸಿನ ಉದ್ದ ಕಳೆದರೆ ತುದಿಯಿಂದ ವಸ್ತುವಿಗೆ ಉಳಿಯುವುದು ಸುಮಾರು 9 ಸೆಂ.ಮೀ. ಅದೇ ರೀತಿ 100 ಎಲ್‌ಗೆ 13 ಸೆಂ.ಮೀ. ಆಸುಪಾಸು, 35ಕ್ಕೆ ಬರೀ 3 ಸೆಂ.ಮೀ.

ಇದು ಗಾಳಿಯಲ್ಲಿ. ನೀರೊಳಗೆ ಲೆಕ್ಕ ಬದಲಾಗುತ್ತದೆ, ಅದೂ ನಮಗೆ ಲಾಭವಾಗುವ ಕಡೆಗೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಅದಕ್ಕೇ ನೀರಿನಲ್ಲಿರುವ ವಸ್ತು ಇರುವ ದೂರದ ಮುಕ್ಕಾಲು ಭಾಗದಲ್ಲೇ ಇದ್ದ ಹಾಗೆ ಕಾಣುತ್ತದೆ. ಬಾವಿ ನೀರು ಕಡಿಮೆ ಆಳ ಅನ್ನಿಸುವುದು ಇದರಿಂದಲೇ. ಲೆನ್ಸ್ ಕೂಡ ಹಾಗೇ ಮೋಸ ಹೋಗುತ್ತದೆ. 12 ಸೆಂ.ಮೀ. ಒಳಗಿರುವ ಶ್ರಿಂಪ್ ಅದರ ಪಾಲಿಗೆ 9 ಸೆಂ.ಮೀ. ದೂರದಲ್ಲಿದೆ. ಗಾಜಿನ ದಪ್ಪ ಸೇರಿಸಿ ನೋಡಿದರೆ, ಲೆನ್ಸ್ ಗಾಜಿಗೆ ತಾಗಿಸಿ 1:1ರಲ್ಲಿ ತೆಗೆಯುವಾಗ 35 ಎಂಎಂಗೆ ಫೋಕಸ್ ಸಿಗುವುದು ಮೂರೂವರೆ ಸೆಂ.ಮೀ. ಒಳಗೆ, 60ಕ್ಕೆ 11-12 ಸೆಂ.ಮೀ. ಒಳಗೆ, 100ಕ್ಕೆ 17 ಸೆಂ.ಮೀ. ಒಳಗೆ.

ಈಗ ನಿಮ್ಮ ಟ್ಯಾಂಕಿನ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಅಳತೆ ಹಿಡಿಯಿರಿ. ನಮ್ಮ ಕಡೆ ರೆಡಿಮೇಡ್ 2 ಅಡಿ ಟ್ಯಾಂಕುಗಳಲ್ಲಿ ಅದು ಸಾಮಾನ್ಯವಾಗಿ ಒಂದು ಅಡಿ, ಅಂದರೆ 30 ಸೆಂ.ಮೀ. ಶ್ರಿಂಪ್ ಎಲ್ಲಿ ಓಡಾಡುತ್ತದೆ? ನಡುವಿನ ಕಟ್ಟಿಗೆ ಮೇಲೆ, ಪಾಚಿಯ ಗುಂಪಿನ ಮೇಲೆ. ಅದು ಸರಿಯಾಗಿ 10ರಿಂದ 15 ಸೆಂ.ಮೀ. ಒಳಗೆ. 60 ಎಂಎಂ ಅಲ್ಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ.

35 ಎಂಎಂ ಬಗ್ಗೆ ಜಾಸ್ತಿ ಬರೆಯುವಂಥದ್ದೇನಿಲ್ಲ. 2017ರಲ್ಲಿ ಬಂದ ಲೆನ್ಸ್, 190 ಗ್ರಾಂ ತೂಕ, ಚಿತ್ರ ಚೂಪಾಗಿ ಬರುತ್ತೆ, ಇಮೇಜ್ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಕೂಡ ಇದೆ. ಮುಂದೆ ಸಣ್ಣ ಎಲ್‌ಇಡಿ ದೀಪ ಕೂಡಿಸಿದ್ದಾರೆ, ಅದನ್ನೇ ದೊಡ್ಡದಾಗಿ ಪ್ರಚಾರ ಮಾಡುತ್ತಾರೆ. ಹೂವು, ನಾಣ್ಯಕ್ಕೆ ಚೆಂದ. ಟ್ಯಾಂಕಿನ ಮುಂದೆ ಆ ದೀಪ ಹಾಕಿದರೆ ಗಾಜಿನಲ್ಲಿ ಎರಡು ಬಿಳಿ ಕಮಾನು ಕಾಣುತ್ತವೆ, ಮೀನು ಕಾಣುವುದಿಲ್ಲ. ಅದಿರಲಿ, ಗಾಜಿನ ಹತ್ತಿರವೇ ಬಂದು ನಿಲ್ಲುವ ಮೀನು ಯಾವುದು? ಊಟದ ಹೊತ್ತಿಗೆ ಗುಪ್ಪಿ ಬರುತ್ತೆ, ಅಷ್ಟೇ. ಮೂತಿ ಗಾಜಿಗೆ ಒತ್ತಿ ಹಿಡಿದಾಗ ಟೆಟ್ರಾ ಗುಂಪು ಹಿಂದಿನ ಮೂಲೆ ಸೇರಿಕೊಳ್ಳುತ್ತದೆ. ಗಾಜಿನ ಮೇಲೆ ಪಾಚಿ ಕೆರೆಯುವ ಬಸವನಹುಳದ ಬಾಯಿ ತೆಗೆಯುವುದಾದರೆ ಮಾತ್ರ ಇದು ಬೇಕಾದ ಲೆನ್ಸ್. ಅದು ಸೊಗಸಾಗಿ ಬರುತ್ತದೆ, ಸುಳ್ಳು ಹೇಳಬಾರದು.

100 ಎಲ್‌ದು ಬೇರೆ ಕಥೆ. ಅದು ಸಿಕ್ಕಿದ್ದೇ ಆಷಾಢದ ಪುಣ್ಯದಿಂದ. ದಾವಣಗೆರೆಯಲ್ಲಿ ಮದುವೆ ಫೋಟೋ ತೆಗೆಯುವವರ ಬ್ಯಾಗಿನಲ್ಲಿ ಈ ಲೆನ್ಸ್ ಇರುತ್ತದೆ. ಉಂಗುರ, ತಾಳಿ, ಮೆಹಂದಿ ಕ್ಲೋಸಪ್ಪಿಗೆ ಅಂತ ಇಟ್ಟಿರುತ್ತಾರೆ. ಆಷಾಢದಲ್ಲಿ ಮದುವೆ ಇಲ್ಲ, ಲೆನ್ಸಿಗೂ ಕೆಲಸ ಇಲ್ಲ. ಪರಿಚಯದವರೊಬ್ಬರನ್ನು ಕೇಳಿದೆ. ‘ತಗೊಂಡು ಹೋಗಪ್ಪ, ಶ್ರಾವಣ ಬಂತು ಅಂದ್ರೆ ನನ್ನ ಟೇಬಲ್ ಮೇಲಿರಬೇಕು. ನೀರಿಗೆ ಬೀಳಿಸಿದ್ರೆ ಮಾತ್ರ ನಿನ್ನ ಮೀನನ್ನೂ ಸೇರಿಸಿ ಮಾರಿಬಿಡ್ತೀನಿ’ ಅಂದರು. ಮ್ಯಾಕ್ರೋ ಕೊಳ್ಳುವ ಯೋಚನೆ ಇದ್ದವರು ಆಷಾಢದಲ್ಲಿ ಇಂಥವರ ಹತ್ತಿರ ಕೇಳಿ ನೋಡಿ. ಬಾಡಿಗೆಗಾದರೂ ಕೊಡುತ್ತಾರೆ. ಮನೆಯ ಟ್ಯಾಂಕಿನ ಮುಂದೆ ಹಿಡಿದು ನೋಡದೆ ಇಷ್ಟು ದುಡ್ಡು ಹಾಕಬಾರದು.

2009ರ ಲೆನ್ಸ್ ಆದರೂ ಕಟ್ಟೋಣ ಇವತ್ತಿಗೂ ಗಟ್ಟಿ. 625 ಗ್ರಾಂ ತೂಕ. 9 ಎಲೆಯ ಅಪರ್ಚರ್, ಹಾಗಾಗಿ ಹಿಂದೆ ಮಸುಕಾಗುವ ಗಾಳಿಗುಳ್ಳೆಗಳು ದುಂಡಗೆ ಬೀಳುತ್ತವೆ. ಏರ್ ಪಂಪ್ ಓಡುತ್ತಿರುವಾಗ ಅದರ ಚೆಂದವೇ ಬೇರೆ. ಗೆಳೆಯನ 4 ಅಡಿ ಟ್ಯಾಂಕು ಒಳಗೆ ಒಂದೂವರೆ ಅಡಿ ಇದೆ. ಅಲ್ಲಿ ಈ ಲೆನ್ಸ್ ತನ್ನ ಯೋಗ್ಯತೆ ತೋರಿಸಿತು. ಹಿಂದಿನ ಗಿಡದ ನೆರಳಲ್ಲಿ ನಿಂತ ಏಂಜೆಲ್‌ನ ಕಣ್ಣನ್ನು ಅದರ ಪಾಡಿಗೆ ಬಿಟ್ಟು ಇಲ್ಲಿಂದಲೇ ತೆಗೆಯಬಹುದು. ಇನ್ನೊಂದು ಲಾಭ ಇದೆ. ಉದ್ದ ಲೆನ್ಸಿನಲ್ಲಿ ಚಿತ್ರದ ಅಂಚಿನ ಬೆಳಕು ಕೂಡ ಗಾಜಿನಿಂದ ಹೆಚ್ಚುಕಡಿಮೆ ನೇರವಾಗಿಯೇ ಬರುತ್ತದೆ, ಹಾಗಾಗಿ ಮೂಲೆಗಳು ಕಲಸಿಕೊಳ್ಳುವುದು ಕಡಿಮೆ.

ಆದರೆ ನಮ್ಮ ಮನೆಗೆ ಬಂದ ಮೇಲೆ ಅದಕ್ಕೆ ಜಾಗವೇ ಸಾಲಲಿಲ್ಲ. ಕ್ರಾಪ್ ಸೆನ್ಸರಿನಲ್ಲಿ 100 ಅಂದರೆ 160ರ ಲೆಕ್ಕ. ಫೈಟರ್ ಪೂರ್ತಿ ಬರಬೇಕು ಅಂದರೆ ಗಾಜಿನಿಂದ ಒಂದು ಅಡಿ ಹಿಂದೆ ಸರಿಯಬೇಕು. ಹಿಂದೆ ಸರಿದ ಕೂಡಲೇ ಗಾಜಿನಲ್ಲಿ ಎಲ್ಲವೂ ಹಾಜರ್: ಕಿಟಕಿ, ಟ್ಯೂಬ್‌ಲೈಟ್, ದೇವರ ಕೋಣೆಯ ಕೆಂಪು ಬಲ್ಬು, ನನ್ನ ಬನಿಯನ್ನು. 60ರಲ್ಲಿ ಅದೇ ಫೈಟರ್‌ಗೆ ಅರ್ಧ ಅಡಿ ಹಿಂದೆ ನಿಂತರೆ ಸಾಕು. ಆ ಅರ್ಧ ಅಡಿಯನ್ನು ಒಂದು ಕಪ್ಪು ಬಟ್ಟೆ ಮುಚ್ಚಿಬಿಡುತ್ತದೆ. ಟೆಟ್ರಾ, ಶ್ರಿಂಪ್‌ಗೆ ಆದರೆ ಗಾಜಿಗೇ ತಾಗಿಸಿ ತೆಗೆಯಬಹುದು, ಆಗ ಪ್ರತಿಬಿಂಬದ ಮಾತೇ ಇಲ್ಲ.

60 ಎಂಎಂ 2005ರಲ್ಲಿ ಬಂದದ್ದು. 335 ಗ್ರಾಂ. ಫೋಕಸ್ ಮಾಡುವಾಗ ಮೂತಿ ಮುಂದೆ ಬರುವುದಿಲ್ಲ, ಎಲ್ಲ ಒಳಗೇ ನಡೆಯುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಟ್ಯಾಂಕಿನ ಮುಂದೆ ಸಣ್ಣದಲ್ಲ. ಟ್ಯಾಮ್ರಾನ್‌ನ ಹಳೆಯ 90 ಎಂಎಂ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಚಿತ್ರವೂ ಬೊಂಬಾಟ್. ಆದರೆ 1:1ಕ್ಕೆ ಹೋಗುವಾಗ ಅದರ ಬ್ಯಾರೆಲ್ ಮುಂದಕ್ಕೆ ಚಾಚಿಕೊಳ್ಳುತ್ತಾ ಬರುತ್ತದೆ. ಗಾಜಿಗೆ ಹತ್ತಿರ ಹಿಡಿದಿದ್ದರೆ ಟಕ್ ಅಂತ ಬಡಿಯುತ್ತೆ, ಮೀನೆಲ್ಲ ಚೆಲ್ಲಾಪಿಲ್ಲಿ. ಅದೇ ಟ್ಯಾಮ್ರಾನ್‌ನವರ 2016ರ ಹೊಸ 90ರಲ್ಲಿ ಆ ತೊಂದರೆ ಇಲ್ಲ.

60ರಲ್ಲಿ ಏನಿಲ್ಲ ಅಂದರೆ, ಸ್ಟೆಬಿಲೈಸೇಶನ್ ಇಲ್ಲ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟೆಬಿಲೈಸೇಶನ್ ನಿಲ್ಲಿಸುವುದು ನಿಮ್ಮ ಕೈ ನಡುಕವನ್ನು, ಮೀನಿನ ಓಟವನ್ನಲ್ಲ. ಫ್ಲ್ಯಾಶ್ ಬಳಸಿದಾಗ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. 100 ಎಲ್‌ನಲ್ಲಿ ಅದಕ್ಕೆಂದೇ ಕೊಡುವ ದುಡ್ಡು ಟ್ಯಾಂಕಿನ ಮುಂದೆ ವಸೂಲಾಗುವುದಿಲ್ಲ. ಏನಿದ್ದರೂ ವ್ಯೂಫೈಂಡರ್‌ನಲ್ಲಿ ಚಿತ್ರ ಅಲುಗಾಡದೆ ಕಾಣುತ್ತೆ, ಅಷ್ಟು ಸುಖ.

ನಿಜವಾಗಿ ಕಾಡುವ ಕೊರತೆ ಇನ್ನೊಂದು, ಫೋಕಸ್ ಲಿಮಿಟರ್ ಸ್ವಿಚ್. 100 ಎಲ್‌ನಲ್ಲಿ ಅದು ಇದೆ. ಇಷ್ಟು ದೂರದಿಂದ ಇಷ್ಟು ದೂರದೊಳಗೆ ಮಾತ್ರ ಹುಡುಕು ಅಂತ ಲೆನ್ಸಿಗೆ ಕಟ್ಟು ಹಾಕಬಹುದು. 60ರಲ್ಲಿ ಆಟೋ, ಮ್ಯಾನುಯಲ್ ಎರಡೇ. ಒಮ್ಮೆ ಫೋಕಸ್ ತಪ್ಪಿತು ಅಂದರೆ ಇಡೀ ಊರು ಸುತ್ತಿ ಬರುತ್ತದೆ, ಅಷ್ಟರಲ್ಲಿ ಮೀನು ಫಿಲ್ಟರ್ ಹಿಂದೆ. ಜೊತೆಗೆ ಗಾಜಿನ ಮೇಲಿನ ಗೀರು, ಪಾಚಿ ಚುಕ್ಕೆ, ಗಾಳಿಗುಳ್ಳೆ ಏನು ಕಂಡರೂ ಅದಕ್ಕೇ ಫೋಕಸ್ ಹಿಡಿದುಬಿಡುತ್ತೆ. ಅದಕ್ಕೆ ನಾನು ಆಟೋಫೋಕಸ್ ಬಿಟ್ಟೇಬಿಟ್ಟಿದ್ದೇನೆ. ಬೇಕಾದ ಗಾತ್ರಕ್ಕೆ ರಿಂಗ್ ತಿರುಗಿಸಿ ಇಟ್ಟುಕೊಳ್ಳುತ್ತೇನೆ, ಕ್ಯಾಮೆರಾ ಹಿಡಿದು ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ತೂಗುತ್ತೇನೆ, ಮೀನು ಪಕ್ಕಕ್ಕೆ ತಿರುಗಿ ಕಣ್ಣು ಚೂಪಾಗಿ ಕಂಡ ಕ್ಷಣ ಒತ್ತುತ್ತೇನೆ. ಶ್ರಿಂಪ್‌ಗೆ ಲೈವ್ ವ್ಯೂನಲ್ಲಿ ಬೆರಳಿಟ್ಟು ಆಟೋಫೋಕಸ್ ಮಾಡಿದರೂ ನಡೆಯುತ್ತೆ, ಅದು ನಿಧಾನದ ಜೀವಿ. ಡೆನಿಸನ್ ಬಾರ್ಬ್‌ಗೆ ಯಾವ ಲೆನ್ಸ್ ಹಾಕಿದರೂ ಹತ್ತರಲ್ಲಿ ಒಂಬತ್ತು ಡಿಲೀಟ್.

ಮುಖ್ಯವಾದ ಇನ್ನೊಂದು ಮಾತು. ಕ್ಯಾಮೆರಾ ಗಾಜಿಗೆ ನೇರವಾಗಿ ಇರಬೇಕು. ಓರೆಯಾಗಿ ಹಿಡಿದರೆ ಬೆಳಕು ನೀರು, ಗಾಜು, ಗಾಳಿ ದಾಟುವಾಗ ಬಣ್ಣ ಬಣ್ಣವಾಗಿ ಬೇರ್ಪಡುತ್ತದೆ. ಕಣ್ಣಿನ ಸುತ್ತ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಗೆರೆ ಬರುತ್ತೆ, ಚಿತ್ರವೂ ಎಣ್ಣೆ ಹಚ್ಚಿದ ಹಾಗೆ ಮಸುಕು. ಅದನ್ನು ನೋಡಿ ಲೆನ್ಸ್ ಸರಿಯಿಲ್ಲ ಅಂತ ವಾಪಸ್ ಕೊಟ್ಟವರನ್ನು ನೋಡಿದ್ದೇನೆ, ಪಾಪ ಲೆನ್ಸ್. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಇದು ತಪ್ಪುವುದಿಲ್ಲ. ಗುಂಡು ಬೌಲ್‌ನಲ್ಲಿ ಫೋಟೋ ಆಸೆ ಬಿಡಿ. ಮುಂದಿನ ಮೂಲೆ ಬಾಗಿಸಿದ ಟ್ಯಾಂಕುಗಳಲ್ಲಾದರೆ ಬಾಗಿದ ಕಡೆ ಬಿಟ್ಟು ಮಧ್ಯದ ಚಪ್ಪಟೆ ಗಾಜಿಗೆ ಮೀನು ಬರುವ ತನಕ ಕಾಯಬೇಕು.

ಬೆಳಕಿಗೆ ಬರೋಣ, ಯಾಕಂದರೆ ಚಿತ್ರ ಬದಲಾಗುವುದು ಇಲ್ಲಿ. 1:1ರಲ್ಲಿ ಎಫ್ 11 ಇಟ್ಟರೂ ಚೂಪಾಗಿ ಬರುವ ಆಳ ಒಂದು ಮಿಲಿಮೀಟರಿನ ಆಸುಪಾಸು. ಅರ್ಧ ಗಾತ್ರಕ್ಕೆ ಬಂದರೆ ಎರಡೂವರೆ ಮಿ.ಮೀ. ಟೆಟ್ರಾದ ಕಣ್ಣು, ಪಕ್ಕದ ಪಟ್ಟೆ ಎರಡೂ ಬೇಕು ಅಂದರೆ ಎಫ್ 8ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಎಫ್ 2.8 ಲೆನ್ಸ್ ಅಂತ ಕೊಂಡಿರುತ್ತೀರಿ, ಟ್ಯಾಂಕಿನಲ್ಲಿ ಆ 2.8 ಫೋಕಸ್ ಮಾಡುವಾಗ ಕಣ್ಣಿಗೆ ಬೆಳಕು ಕೊಡುವುದಕ್ಕೆ ಮಾತ್ರ. ಅಷ್ಟಕ್ಕೂ 1:1ಕ್ಕೆ ಹೋದಾಗ ಸೆನ್ಸರಿಗೆ ಮುಟ್ಟುವ ಬೆಳಕು ಹೆಚ್ಚುಕಡಿಮೆ 2 ಸ್ಟಾಪ್, ಅಂದರೆ ಕಾಲು ಭಾಗಕ್ಕೆ, ಕುಗ್ಗಿರುತ್ತದೆ. ನಿಕಾನ್ ಕ್ಯಾಮೆರಾಗಳು ಇದನ್ನು ಸ್ಕ್ರೀನಿನಲ್ಲೇ ಬದಲಾಯಿಸಿ ತೋರಿಸುತ್ತವೆ, ಕೆನಾನ್ ತೋರಿಸುವುದಿಲ್ಲ. ಎಫ್ 16ರ ಆಚೆಗೆ ಹೋದರೆ ಆಳ ಸಿಕ್ಕರೂ ಒಟ್ಟು ಚಿತ್ರವೇ ಮೆತ್ತಗಾಗುತ್ತದೆ. ಟ್ಯಾಂಕಿನ ಎಲ್‌ಇಡಿ ಬೆಳಕನ್ನೇ ನಂಬಿ ಎಫ್ 8, 1/200 ಸೆಕೆಂಡ್ ಇಟ್ಟರೆ ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400ಕ್ಕೆ ಏರಿ ಟೆಟ್ರಾದ ನೀಲಿ ಪಟ್ಟೆಯಲ್ಲಿ ಮರಳು ಚೆಲ್ಲಿದ ಹಾಗಾಗುತ್ತದೆ.

ಅದಕ್ಕೇ ಫ್ಲ್ಯಾಶ್. ಕ್ಯಾಮೆರಾ ಮೇಲಲ್ಲ, ಟ್ಯಾಂಕಿನ ಮೇಲೆ. ಮುಂದಿನ ಗಾಜಿನ ಅಂಚಿನ ಮೇಲಿಂದ ಸ್ವಲ್ಪ ಹಿಂದಕ್ಕೆ ಬಾಗಿಸಿ, ಕೆಳಮುಖವಾಗಿ. ಬೆಳಕು ಮೇಲಿಂದ ಬೀಳುವುದರಿಂದ ಗಾಜಿನಲ್ಲಿ ಪ್ರತಿಫಲನ ಇರುವುದಿಲ್ಲ, ಮೀನಿಗೂ ಅದು ಹೊಳೆಯ ಬಿಸಿಲಿನ ಹಾಗೆ. ಫ್ಲ್ಯಾಶ್ ಮುಂದೆ ಒಂದು ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿ, ಇಲ್ಲದಿದ್ದರೆ ಹುರುಪೆಗಳು ಕನ್ನಡಿಯ ಚೂರಿನಂತೆ ಹೊಡೆಯುತ್ತವೆ. ಎಫ್ 11, 1/200, ಐಎಸ್‌ಓ 200ರಿಂದ 400, ಫ್ಲ್ಯಾಶ್ ಪವರ್ 1/8ರಿಂದ 1/4. ನನ್ನದು ಇಷ್ಟೇ. ಕಡಿಮೆ ಪವರಿನಲ್ಲಿ ಫ್ಲ್ಯಾಶ್ ಮಿಂಚುವ ಹೊತ್ತು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕದು, ಡೆನಿಸನ್ ಬಾರ್ಬ್ ಕೂಡ ಅದರಲ್ಲಿ ನಿಲ್ಲುತ್ತದೆ. ಫ್ಲ್ಯಾಶನ್ನು ಗಾಜಿನ ಮುಚ್ಚಳದ ಮೇಲೆ ಇಡಿ, ತೆರೆದ ನೀರಿನ ಮೇಲೆ ಕೈಯಲ್ಲಿ ಹಿಡಿದು ತೂಗಾಡಿಸಬೇಡಿ. ಮೀನುಗಳು ಮೊದಮೊದಲು ಬೆಚ್ಚುತ್ತವೆ, ಆಮೇಲೆ ಲೆಕ್ಕಕ್ಕೇ ಇಡುವುದಿಲ್ಲ. ಬೆಚ್ಚುವುದು ನಿಲ್ಲದಿದ್ದರೆ ಅವತ್ತಿಗೆ ಬಿಟ್ಟುಬಿಡಿ.

ದೂರದ ಫ್ಲ್ಯಾಶನ್ನು ಕ್ಯಾಮೆರಾದಿಂದ ಹೊತ್ತಿಸುವ ಟ್ರಿಗರ್ ಕೊಳ್ಳುವಾಗ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕೆನಾನ್ 1500ಡಿ, 3000ಡಿ, 200ಡಿ ಮಾರ್ಕ್ 2 ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಮಧ್ಯದಲ್ಲಿ ಪಿನ್ ಇಲ್ಲ, ತೆಗೆದುಹಾಕಿದ್ದಾರೆ. ಎಲ್ಲ ಕಂಪನಿ ಕ್ಯಾಮೆರಾಗೂ ಆಗುತ್ತೆ ಅನ್ನುವ ಅಗ್ಗದ ಟ್ರಿಗರ್‌ಗಳು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಹಳೆಯ 200ಡಿಯಲ್ಲಿ ಪಿನ್ ಇದೆ, ಪುಣ್ಯ. ಉಳಿದವರು ಕೆನಾನ್‌ಗೆಂದೇ ಮಾಡಿದ ಟ್ರಿಗರ್ ತಗೊಳ್ಳಿ, ನಿಮ್ಮ ಬಾಡಿಯ ಮೇಲೆ ಹಾಕಿ ಹೊತ್ತಿಸಿ ತೋರಿಸಿದ ಮೇಲೇ ದುಡ್ಡು ಕೊಡಿ. ಮಿರರ್‌ಲೆಸ್ ಇದ್ದವರು ಮೆಕ್ಯಾನಿಕಲ್ ಶಟರ್‌ನಲ್ಲೇ ತೆಗೆಯಿರಿ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಅಗ್ಗದ ಟ್ಯಾಂಕ್ ಲೈಟುಗಳ ಮಿಣುಕು ಚಿತ್ರದಲ್ಲಿ ಅಡ್ಡ ಪಟ್ಟೆಯಾಗಿ ಬೀಳುತ್ತದೆ, ಹೆಚ್ಚಿನ ಬಾಡಿಗಳಲ್ಲಿ ಫ್ಲ್ಯಾಶ್ ಕೂಡ ಹೊತ್ತುವುದಿಲ್ಲ.

ಇನ್ನು ನಮ್ಮೂರಿನದೇ ಸಮಸ್ಯೆ, ಬೋರ್ ನೀರು. ನಮ್ಮ ಬೋರಿನ ನೀರು ಗಡಸು. ಟ್ಯಾಂಕಿನಲ್ಲಿ ನೀರು ಇಳಿದ ಹಾಗೆ ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ, ಹೊರಗೆ ಚಿಮ್ಮಿದ ಹನಿಗಳೂ ಒಣಗಿ ಚುಕ್ಕೆಯಾಗುತ್ತವೆ. ಬರಿಗಣ್ಣಿಗೆ ಕಾಣದ ಚುಕ್ಕೆ ಕೂಡ ಫ್ಲ್ಯಾಶ್ ಬಿದ್ದಾಗ ಮಂಜಿನ ಪರದೆಯಂತೆ ಬರುತ್ತದೆ. ಹೊರಗಿನ ಗಾಜಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿದ ಬಟ್ಟೆ, ಆಮೇಲೆ ಒಳ್ಳೆ ನೀರಿನ ಬಟ್ಟೆ. ಒಳಗಿನದಕ್ಕೆ ಮ್ಯಾಗ್ನೆಟ್ ಬ್ರಶ್, ಮರಳಿನ ಕಾಳು ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಂಡು. ಫೋಟೋ ದಿನ ನೀರು ಬದಲಾಯಿಸಬೇಡಿ, ಹಿಂದಿನ ದಿನವೇ ಮುಗಿಸಿ, ಕದಡಿದ್ದೆಲ್ಲ ಕೂರಲಿ. ಏಪ್ರಿಲ್, ಮೇ ಬಿಸಿಲಿಗೆ ಇಲ್ಲಿ ಹಲವರು ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಬಿಡುತ್ತಾರೆ. ಮೀನಿಗೆ ಒಳ್ಳೆಯದು, ಫೋಟೋಗೆ ಅಲ್ಲ. ಅಲೆ ಎದ್ದಾಗ ಮೇಲಿಂದ ಬರುವ ಬೆಳಕು ಮೀನಿನ ಮೈಮೇಲೆ ಬಲೆಯ ಹಾಗೆ ಗೆರೆ ಎಳೆಯುತ್ತದೆ. ತೆಗೆಯುವ ಹೊತ್ತು ಮಾತ್ರ ಫ್ಯಾನ್ ನಿಲ್ಲಿಸಿ, ಮತ್ತೆ ಹಾಕಿ. ಹೊಸದಾಗಿ ಟ್ಯಾಂಕ್ ಮಾಡಿಸುವವರು ಮುಂದಿನ ಗಾಜು ಒಂದನ್ನಾದರೂ ಎಕ್ಸ್‌ಟ್ರಾ ಕ್ಲಿಯರ್ ಹಾಕಿಸಿ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಹಸಿರು ಛಾಯೆ ಬರುತ್ತೆ, ಗಾಜು ದಪ್ಪ ಆದಷ್ಟೂ ಜಾಸ್ತಿ.

ಬೇರೆ ಕಂಪನಿಯವರಿಗೆ ಅದೇ ದೂರದ ಲೆಕ್ಕ. ನಿಕಾನ್‌ನವರು ಮ್ಯಾಕ್ರೋ ಲೆನ್ಸ್ ಮೇಲೆ ಮೈಕ್ರೋ ಅಂತ ಬರೆದಿರುತ್ತಾರೆ, ಹುಡುಕುವಾಗ ನೆನಪಿರಲಿ. ಅವರ ಡಿಎಕ್ಸ್ 40 ಎಂಎಂ ಅಗ್ಗ, ಆದರೆ ನಮ್ಮ 35ರ ಕಾಯಿಲೆಯೇ ಅದಕ್ಕೂ, ಗಾಜಿಗೆ ಅಂಟಿಕೊಂಡೇ ಇರಬೇಕು. ಸೋನಿಯ ಇ 30 ಎಂಎಂ ಎಫ್ 3.5 ಇನ್ನೂ ಹತ್ತಿರ, ಅದನ್ನು ಮರೆತುಬಿಡಿ. ಸೋನಿಯಲ್ಲಿ ಎಫ್‌ಇ 90 ಜಿ, ನಿಕಾನ್ ಜಡ್‌ನಲ್ಲಿ ಎಂಸಿ 105 ಚೆನ್ನಾಗಿವೆ, ಫುಲ್ ಫ್ರೇಮ್ ಬಾಡಿ ಇದ್ದರೆ ಮನೆಯ ಟ್ಯಾಂಕಿಗೂ ಅವು ಸರಿ. ಫುಲ್ ಫ್ರೇಮ್‌ನಲ್ಲಿ 100 ಅಂದರೆ ನಿಜವಾದ 100, ಅಷ್ಟು ಹಿಂದೆ ಸರಿಯಬೇಕಾಗಿಲ್ಲ. ಕೆನಾನ್‌ನಲ್ಲಿ ಫುಲ್ ಫ್ರೇಮ್ ಇರುವವರಿಗೆ 2000ರ ಹಳೆಯ ಎಲ್ ಅಲ್ಲದ 100 ಎಂಎಂ ಯುಎಸ್‌ಎಂ ಒಂದಿದೆ, ಸ್ಟೆಬಿಲೈಸೇಶನ್ ಇಲ್ಲ, ಟ್ಯಾಂಕಿಗೆ ಅದು ಬೇಡವೂ ಬೇಡ. ಅವರಿಗೆ ನನ್ನ ಮತ ಅದಕ್ಕೇ.

ಲಾವಾ (Laowa) ಕಂಪನಿಯ 65 ಎಂಎಂ ಕ್ರಾಪ್ ಸೆನ್ಸರಿನವರಿಗೆ, 2:1 ತನಕ, ಅಂದರೆ ಎರಡು ಪಟ್ಟು ಗಾತ್ರಕ್ಕೆ ಹೋಗುತ್ತೆ, ಆದರೆ ಮಿರರ್‌ಲೆಸ್‌ಗೆ ಮಾತ್ರ ಮತ್ತು ಪೂರ್ತಿ ಮ್ಯಾನುಯಲ್ ಫೋಕಸ್. ಎರಡು ಮಿಲಿಮೀಟರಿನ ಶ್ರಿಂಪ್ ಮರಿ ಹಿಂದೆ ಬೀಳುವ ಹುಚ್ಚು ಇದ್ದವರಿಗೆ ಸೈ. ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ ಖಾಲಿ ಕೊಳವೆ) ಅನ್ನು 50 ಎಂಎಂ ಹಿಂದೆ ಹಾಕಿ ತೆಗೆಯಬಹುದಲ್ಲ ಅಂತ ಕೇಳುತ್ತಾರೆ. ತೆಗೆಯಬಹುದು. ಆದರೆ ಟ್ಯೂಬ್ ಹಾಕಿದ ಮೇಲೆ ದೂರಕ್ಕೆ ಫೋಕಸ್ ಆಗುವುದೇ ಇಲ್ಲ. ಶ್ರಿಂಪ್ ಬಿಟ್ಟು ಪಕ್ಕದ ಏಂಜೆಲ್ ತೆಗೆಯಬೇಕು ಅನ್ನಿಸಿದರೆ ಟ್ಯೂಬ್ ಬಿಚ್ಚಬೇಕು. ಒಂದು ಸಂಜೆಯಲ್ಲಿ ಬೇಜಾರು ಬರುತ್ತೆ.

60 ಎಂಎಂ ಹೊಸದು ಅಂಗಡಿಯಲ್ಲಿ ಕಾಣುವುದು ಅಪರೂಪ, ಸೆಕೆಂಡ್ ಹ್ಯಾಂಡೇ ಗತಿ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್, ಬೇಡ. ಮಲೆನಾಡು, ಕರಾವಳಿ ಕಡೆಯಿಂದ ಬಂದ ಲೆನ್ಸ್ ಆದರೆ ಇನ್ನೊಂದು ಸಲ ನೋಡಿ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಫಂಗಸ್ ಅಷ್ಟು ಬೇಗ ಹಿಡಿಯುವುದಿಲ್ಲ, ಬದಲಿಗೆ ಫೋಕಸ್ ರಿಂಗಿನಲ್ಲಿ ಧೂಳು ಕರಕರ ಅನ್ನುತ್ತೆ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯಬಾರದು. ಇಎಫ್-ಎಸ್ ಆದ್ದರಿಂದ ಕೆನಾನ್‌ನ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಬಾಡಿಗಳಿಗೆ ಕೂರುವುದಿಲ್ಲ. ಮುಂದೆ ಆರ್ ಸರಣಿಯ ಮಿರರ್‌ಲೆಸ್ ಕೊಂಡರೆ ಅಡಾಪ್ಟರ್ ಹಾಕಿ ಬಳಸಬಹುದು, ಫುಲ್ ಫ್ರೇಮ್ ಆರ್ ಬಾಡಿಯಲ್ಲಿ ಮಾತ್ರ ಚಿತ್ರ ಕ್ರಾಪ್ ಆಗುತ್ತೆ.

ಲೆನ್ಸ್ ಜೊತೆಗೇ 52 ಎಂಎಂನ ರಬ್ಬರ್ ಹುಡ್ ಒಂದು ತರಿಸಿ, ಮಡಚುವಂಥದ್ದು. ಕಂಪನಿಯ ಗಟ್ಟಿ ಪ್ಲಾಸ್ಟಿಕ್ ಹುಡ್ ಗಾಜಿಗೆ ತಾಗಿದರೆ ಸದ್ದಾಗುತ್ತೆ, ಸ್ವಲ್ಪ ಓರೆಯಾದರೂ ಸಂದಿಯಿಂದ ಬೆಳಕು ನುಗ್ಗುತ್ತೆ. ರಬ್ಬರಿನದು ಗಾಜಿಗೆ ಮೆತ್ತಗೆ ಒತ್ತಿಕೊಳ್ಳುತ್ತೆ, ರೂಮಿನ ದೀಪ ಆರಿಸುವುದೂ ಬೇಡ, ಮನೆಯವರು ಟಿವಿ ನೋಡುತ್ತಿದ್ದರೂ ಪರವಾಗಿಲ್ಲ. ನಮ್ಮನೆಯಲ್ಲಿ ಈ ಹುಡ್ ಬಂದ ಮೇಲೇ ಫೋಟೋಗೆ ಒಪ್ಪಿಗೆ ಸಿಕ್ಕಿದ್ದು.